‘ಡೆಪ್ತ್’ ಪದವನ್ನು ಅರಿತು ಬಳಸುವ ಕ್ರಮ: ಬೋರ್‌ವೆಲ್ ಬಿಲ್ಲಿನಿಂದ ಪರೀಕ್ಷೆಯ ಉತ್ತರದವರೆಗೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಓದುಗರಿಗೆ ‘ಡೆಪ್ತ್’ ಎಂಬ ಇಂಗ್ಲಿಷ್ ಪದವು ಶಾಲೆಯ ಪಠ್ಯದಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಬೋರ್‌ವೆಲ್ ಬಿಲ್ಲಿನಲ್ಲಿ, ಮನೆಯ ನಕ್ಷೆಯಲ್ಲಿ, ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮತ್ತು ಜಲಾಶಯದ ವಾರ್ತೆಗಳಲ್ಲಿ ಎದುರಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತವರಿಗೆ ಇದೇ ಪದ ಅನುವಾದದ ಪ್ರಶ್ನೆಯಲ್ಲಿ ಮತ್ತೊಂದು ರೂಪದಲ್ಲಿ ಬರುತ್ತದೆ. ನಿಘಂಟು ತೆರೆದರೆ ಮೊದಲು ಸಿಗುವ ಅರ್ಥ ‘ಆಳ’. ಅದು ಸರಿಯಾದ ಅರ್ಥವೇ, ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಬಿಲ್ಲಿನಲ್ಲಿ ಹಣವೂ ಪರೀಕ್ಷೆಯಲ್ಲಿ ಅಂಕವೂ ಕೈಬಿಡುವ ಸಂದರ್ಭಗಳು ಹಲವು. ಆದ್ದರಿಂದ ಈ ಪದವನ್ನು ಕಂಡಾಗ ಯಾವ ಕ್ರಮದಲ್ಲಿ ಯೋಚಿಸಬೇಕು, ಬರೆಯುವಾಗ ಯಾವ ನಿಯಮ ಪಾಲಿಸಬೇಕು ಎಂಬುದನ್ನು ನಮ್ಮ ಭಾಗದ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಎಲ್ಲಿಂದ, ಎಲ್ಲಿಯವರೆಗೆ?

ಅಳತೆಯ ಅರ್ಥದಲ್ಲಿ ‘ಡೆಪ್ತ್’ ಬಂದಾಗ ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಅಳತೆ ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ? ಆರಂಭದ ಬಿಂದು ತಿಳಿಯದ ಆಳಕ್ಕೆ ಅರ್ಥವಿಲ್ಲ. ಈ ಒಂದು ಪ್ರಶ್ನೆ ರೂಢಿಯಾದರೆ ಮುಂದಿನ ಎಲ್ಲ ಹೆಜ್ಜೆಗಳೂ ಸುಲಭವಾಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಲಮಟ್ಟಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್ ತಲುಪಿತು ಎಂದು ಪ್ರಕಟಿಸುತ್ತಾರೆ. ಅದನ್ನು ಓದಿದ ಕೆಲವರು ಜಲಾಶಯದ ಆಳವೇ 519 ಮೀಟರ್ ಎಂದು ತಿಳಿಯುತ್ತಾರೆ, ಇಂಗ್ಲಿಷಿನಲ್ಲಿ ಬರೆಯುವಾಗಲೂ ‘ಡೆಪ್ತ್’ ಎಂದು ಬರೆದುಬಿಡುತ್ತಾರೆ. ಆ ಅಂಕಿಯನ್ನು ಅಳೆಯುವುದು ಸಮುದ್ರ ಮಟ್ಟದಿಂದ ಮೇಲಕ್ಕೆ, ಆದ್ದರಿಂದ ಅದಕ್ಕೆ ಇಂಗ್ಲಿಷಿನಲ್ಲಿ ‘ಲೆವೆಲ್’ ಎಂಬ ಪದವೇ ಸರಿ. ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಜಲಾಶಯ ನಿಜವಾಗಿ 519 ಮೀಟರ್ ಆಳವಿದ್ದಿದ್ದರೆ ಹತ್ತು ಗೋಳಗುಮ್ಮಟಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅವು ಮುಳುಗಿ ಹೋಗಬೇಕಾಗಿತ್ತು. ಜಲಾಶಯದ ಒಂದು ಜಾಗದಲ್ಲಿ ನೀರಿನ ‘ಡೆಪ್ತ್’ ತಿಳಿಯಬೇಕಾದರೆ ಅಂದಿನ ನೀರಿನ ಮಟ್ಟದಿಂದ ಆ ಜಾಗದ ತಳದ ಮಟ್ಟವನ್ನು ಕಳೆಯಬೇಕು. ಆ ಲೆಕ್ಕದಲ್ಲಿ ಅಣೆಕಟ್ಟಿನ ಬಳಿ ಒಂದು ಆಳ, ಹಿನ್ನೀರಿನ ಅಂಚಿನಲ್ಲಿ ಮತ್ತೊಂದು ಆಳ ಸಿಗುತ್ತದೆ. ಸಂಗ್ರಹದ ಅಂಕಿಯಾದ 123.08 ಟಿಎಂಸಿಯಂತೂ ಘನ ಅಡಿಗಳಲ್ಲಿ ಹೇಳುವ ಪ್ರಮಾಣ, ಆಳಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ವಿಜಯಪುರ ನಗರಕ್ಕೆ ಆದಿಲ್‌ಶಾಹಿ ಕಾಲದಲ್ಲಿ ನೀರು ತಂದ ಕರೇಜ್ ವ್ಯವಸ್ಥೆಯಲ್ಲಿಯೂ ಇದೇ ಪಾಠವಿದೆ. ನೆಲದೊಳಗಿನ ಸುರಂಗ ಬಹಳ ಕಡಿಮೆ ಇಳಿಜಾರಿನಲ್ಲಿ ಸಾಗುತ್ತದೆ, ಮೇಲಿನ ನೆಲದ ಇಳಿಜಾರು ಅದಕ್ಕಿಂತ ಹೆಚ್ಚು. ಹೀಗಾಗಿ ನೀರಿನ ಮೂಲದ ಕಡೆಗೆ ಹೋದಂತೆ ಸುರಂಗಕ್ಕೆ ಇಳಿಯುವ ಬಾವಿಗಳು ಹೆಚ್ಚು ಆಳವಾಗುತ್ತವೆ. ‘ಸುರಂಗದ ಡೆಪ್ತ್ ಎಷ್ಟು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಬಾವಿಯ ಬಳಿ ಎಂದು ಹೇಳಿದ ಮೇಲೆಯೇ ಉತ್ತರ ಕೊಡಬಹುದು.

ಗೋಕಾಕದ ಜಲಪಾತದ ವಿಷಯದಲ್ಲಿ ಗೊಂದಲ ತಿರುವುಮುರುವಾಗಿರುತ್ತದೆ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಮೇಲಿನ ಬಂಡೆಯ ಅಂಚಿನಿಂದ ನೋಡುವವರಿಗೆ ಅದು ಆಳವಾಗಿ ಕಂಡರೂ ಇಂಗ್ಲಿಷಿನಲ್ಲಿ ಜಲಪಾತಕ್ಕೆ ‘ಹೈಟ್’ ಎನ್ನುತ್ತಾರೆ. ಅದರ ಬುಡದ ಮಡುವಿನಲ್ಲಿ ನಿಂತ ನೀರಿಗೆ ಮಾತ್ರ ‘ಡೆಪ್ತ್’ ಸಲ್ಲುತ್ತದೆ.

ಎರಡನೆಯ ಹೆಜ್ಜೆ: ಬೋರ್‌ವೆಲ್ ಬಿಲ್ಲಿನಲ್ಲಿರುವ ಆಳಗಳನ್ನು ಬೇರ್ಪಡಿಸುವುದು

ಹಣದ ಮಾತು ಇಲ್ಲಿಯೇ ಇರುವುದರಿಂದ ಈ ಹೆಜ್ಜೆಯನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಒಂದು ಬೋರ್ ಕೊರೆಸಿ ಮೋಟರ್ ಇಳಿಸುವ ಹೊತ್ತಿಗೆ ‘ಡೆಪ್ತ್’ ಎಂಬ ಪದ ನಾಲ್ಕು ಬೇರೆ ಬೇರೆ ಅಳತೆಗಳಿಗೆ ಬಳಕೆಯಾಗಿರುತ್ತದೆ, ನಾಲ್ಕೂ ನೆಲಮಟ್ಟದಿಂದಲೇ ಆರಂಭವಾದರೂ ಮುಗಿಯುವ ಜಾಗ ಮಾತ್ರ ಬೇರೆ ಬೇರೆ.

ಮೊದಲನೆಯದು ಕೊರೆದ ಒಟ್ಟು ಆಳ, ಅಂದರೆ ‘ಟೋಟಲ್ ಡೆಪ್ತ್’ ಅಥವಾ ‘ಡ್ರಿಲ್ಲಿಂಗ್ ಡೆಪ್ತ್’. ಇದನ್ನು ಸಾಮಾನ್ಯವಾಗಿ ಇಳಿಸಿದ ರಾಡುಗಳ ಎಣಿಕೆಯಿಂದ ಲೆಕ್ಕ ಹಾಕುತ್ತಾರೆ. ಆದ್ದರಿಂದ ಯಂತ್ರ ಶುರುವಾಗುವ ಮೊದಲೇ ಒಂದು ರಾಡಿನ ಉದ್ದವನ್ನು ಟೇಪಿನಿಂದ ಅಳೆದುಕೊಂಡು, ಇಳಿದ ಪ್ರತಿ ರಾಡನ್ನೂ ಹೊಲದ ಯಜಮಾನರೇ ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಅಡಿಗೆ ಇಷ್ಟು ಎಂಬ ದರ ಮೇಲಿನ ಕೆಲವು ನೂರು ಅಡಿಗಳಿಗೆ ಒಂದಿದ್ದು, ಕೆಳಗೆ ಹೋದಂತೆ ಹಂತಹಂತವಾಗಿ ಏರುವುದು ವಾಡಿಕೆ. ಹಾಗಾಗಿ ಕೊನೆಯ ಇಪ್ಪತ್ತು ಅಡಿಯ ಲೆಕ್ಕ ತಪ್ಪಿದರೆ ತಗಲುವ ಹಣ ಮೊದಲ ಇಪ್ಪತ್ತು ಅಡಿಯ ಹಣಕ್ಕಿಂತ ಹೆಚ್ಚು.

ಎರಡನೆಯದು ‘ಕೇಸಿಂಗ್ ಡೆಪ್ತ್’. ಮೇಲಿನ ಸಡಿಲ ಮಣ್ಣು ಕುಸಿಯದಂತೆ, ಗಟ್ಟಿ ಕಲ್ಲು ಸಿಗುವವರೆಗೆ ಇಳಿಸುವ ಕೇಸಿಂಗ್ ಪೈಪಿನ ಅಳತೆ ಇದು. ವಿಜಯಪುರದ ಕಡೆ ಎರೆಮಣ್ಣಿನ ಕೆಳಗೆ ಕಪ್ಪು ಬಸಾಲ್ಟ್ ಕಲ್ಲಿನ ಪದರಗಳಿವೆ. ಅದರ ಮೇಲಿನ ಮಣ್ಣು ಮತ್ತು ಕೊಳೆತ ಕಲ್ಲಿನ ದಪ್ಪ ಹೊಲದಿಂದ ಹೊಲಕ್ಕೆ ಬದಲಾಗುವುದರಿಂದ ಪಕ್ಕದ ಹೊಲದ ಕೇಸಿಂಗ್ ಲೆಕ್ಕ ನಮ್ಮ ಹೊಲಕ್ಕೆ ಹೊಂದಲೇಬೇಕೆಂದಿಲ್ಲ. ಬಿಲ್ಲಿನಲ್ಲಿ ಕೇಸಿಂಗಿನ ದರ ಪ್ರತ್ಯೇಕವಾಗಿರುತ್ತದೆ, ಆದ್ದರಿಂದ ಅಂಗಳದಲ್ಲಿ ಇಳಿಸಿದ ಪೈಪುಗಳನ್ನೂ ಉಳಿದು ಮರಳಿ ಹೋದ ಪೈಪುಗಳನ್ನೂ ಎಣಿಸಿಟ್ಟುಕೊಳ್ಳಬೇಕು.

ಮೂರನೆಯದು ನೀರು ನಿಂತಿರುವ ಆಳ. ಇಂಗ್ಲಿಷ್ ವರದಿಗಳಲ್ಲಿ ಇದನ್ನು ‘ಡೆಪ್ತ್ ಟು ವಾಟರ್ ಲೆವೆಲ್’ ಎಂದು ಬರೆದು, ‘ಬಿಲೋ ಗ್ರೌಂಡ್ ಲೆವೆಲ್’ ಎಂದು ಸೇರಿಸಿರುತ್ತಾರೆ. ಇಲ್ಲಿ ಅಂಕಿ ದೊಡ್ಡದಾದಷ್ಟೂ ನೀರು ದೂರವಾಯಿತೆಂದು ಅರ್ಥ. ‘ಆಳ ಹೆಚ್ಚಾಯಿತು’ ಎಂದು ಓದಿದವರು ನೀರು ಹೆಚ್ಚಾಯಿತೆಂದು ತಿಳಿಯುವ ಅಪಾಯ ಇಲ್ಲಿದೆ, ವಾಸ್ತವದಲ್ಲಿ ಅಂತರ್ಜಲ ಕುಸಿದಿರುತ್ತದೆ. ತೆರೆದ ಬಾವಿಯಲ್ಲಿ ‘ಡೆಪ್ತ್ ಆಫ್ ವಾಟರ್’ ಎಂದು ಬರೆದಿದ್ದರೆ ಅದು ನೀರಿನ ಮೇಲ್ಮೈಯಿಂದ ತಳದವರೆಗಿನ ಅಳತೆಯಾಗುತ್ತದೆ, ಅಲ್ಲಿ ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. 60 ಅಡಿಯ ಬಾವಿಯಲ್ಲಿ ನೆಲದಿಂದ 45 ಅಡಿ ಕೆಳಗೆ ನೀರು ಕಂಡರೆ ‘ಡೆಪ್ತ್ ಟು ವಾಟರ್’ 45, ‘ಡೆಪ್ತ್ ಆಫ್ ವಾಟರ್’ 15. ಎರಡರ ನಡುವಿನ ಭೇದ ಒಂದು ಚಿಕ್ಕ ಪದದ ಮೇಲೆ ನಿಂತಿದೆ.

ನಾಲ್ಕನೆಯದು ಪಂಪು ಕೂರಿಸಿದ ಆಳ. ಇದು ಯಾವಾಗಲೂ ಒಟ್ಟು ಆಳಕ್ಕಿಂತ ಕಡಿಮೆ, ನೀರಿನ ಮಟ್ಟಕ್ಕಿಂತ ಹೆಚ್ಚು. ಪಂಪ್ ಓಡುವಾಗ ನೀರಿನ ಮಟ್ಟ ಇಳಿಯುವುದರಿಂದ, ನಿಂತ ನೀರಿನ ಮಟ್ಟವನ್ನಷ್ಟೇ ನೋಡಿ ಮೋಟರ್ ಇಳಿಸಬಾರದು. ಎಷ್ಟು ಆಳಕ್ಕೆ ಇಳಿಸಲಾಗಿದೆ ಎಂಬುದನ್ನು ಪೈಪುಗಳ ಎಣಿಕೆಯೊಂದಿಗೆ ಬರೆದಿಟ್ಟುಕೊಂಡರೆ ಮುಂದೆ ಮೋಟರ್ ಎತ್ತುವಾಗ ಕೆಲಸದವರಿಗೂ ಅನುಕೂಲ.

ಮೂರನೆಯ ಹೆಜ್ಜೆ: ಕೆಳಮುಖವಲ್ಲದ ‘ಡೆಪ್ತ್’

ಕನ್ನಡದಲ್ಲಿ ‘ಆಳ’ ಎಂದ ಕೂಡಲೇ ಕಣ್ಣು ಕೆಳಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಎದುರಿನ ಮುಖದಿಂದ ಹಿಂಬದಿಗೆ ಇರುವ ಅಂತರಕ್ಕೂ ‘ಡೆಪ್ತ್’ ಎನ್ನುತ್ತಾರೆ. ಕಪಾಟಿನ ಅಳತೆಯಲ್ಲಿ ಎತ್ತರ, ಅಗಲಗಳ ಜೊತೆ ಬರುವ ಮೂರನೆಯ ಅಂಕಿ ಬಾಗಿಲಿನಿಂದ ಹಿಂದಿನ ಹಲಗೆಯವರೆಗಿನ ಅಂತರ. 30×40 ನಿವೇಶನದಲ್ಲಿ ರಸ್ತೆಗೆ ತಾಗಿದ ಬದಿ 30 ಅಡಿಯಾಗಿದ್ದರೆ, ರಸ್ತೆಯಿಂದ ಹಿಂದಕ್ಕೆ ಸಾಗುವ 40 ಅಡಿಯೇ ಆ ನಿವೇಶನದ ‘ಡೆಪ್ತ್’. ಇದನ್ನು ‘ನಿವೇಶನದ ಆಳ’ ಎಂದು ಬರೆದರೆ ಕನ್ನಡದ ಓದುಗ ಅದು ತಗ್ಗಿನಲ್ಲಿದೆ ಎಂದು ತಿಳಿದಾನು, ‘ಹಿಂದಕ್ಕೆ 40 ಅಡಿ’ ಎಂದು ಬರೆಯುವುದೇ ಸ್ಪಷ್ಟ.

ಕಟ್ಟಡದ ನಕ್ಷೆಯಲ್ಲಿ ತೊಲೆಗೆ, ಅಂದರೆ ಬೀಮಿಗೆ, ‘9 ಇಂಚು ಅಗಲ, 15 ಇಂಚು ಡೆಪ್ತ್’ ಎಂದು ಕೊಟ್ಟಿದ್ದರೆ ಆ 15 ಇಂಚು ಅದರ ಮೇಲಿನ ಮುಖದಿಂದ ಕೆಳಗಿನ ಮುಖದವರೆಗಿನ ಅಳತೆ. ಇದೇ ನಕ್ಷೆಯಲ್ಲಿ ‘ಎಫೆಕ್ಟಿವ್ ಡೆಪ್ತ್’ ಎಂಬ ಇನ್ನೊಂದು ಅಂಕಿ ಇರಬಹುದು. ಅದು ಕಾಂಕ್ರೀಟು ಒತ್ತಡ ಹೊರುವ ಮುಖದಿಂದ ಜಗ್ಗುವಿಕೆಯನ್ನು ತಡೆಯುವ ಸರಳುಗಳ ಮಧ್ಯದವರೆಗಿನ ಅಂತರವಾದ್ದರಿಂದ ಒಟ್ಟು ಡೆಪ್ತಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಗೌಂಡಿಗಳಿಗೆ ಮೊಲ್ಡಿಂಗ್ ಹೊಡೆಯುವಾಗ ಬೇಕಾದದ್ದು ಒಟ್ಟು ಅಳತೆಯೇ ಎಂಬುದನ್ನು ಮನೆ ಕಟ್ಟಿಸುವವರು ನೆನಪಿಡಬೇಕು. ಅಡಿಪಾಯದ ‘ಡೆಪ್ತ್’ ಮಾತ್ರ ಮತ್ತೆ ಕೆಳಮುಖವಾಗಿ ನೆಲಮಟ್ಟದಿಂದಲೇ ಶುರುವಾಗುತ್ತದೆ.

ಹೊಲದಲ್ಲಿ ಈ ಪದ

ಕೃಷಿ ಇಲಾಖೆಯ ವರದಿಗಳಲ್ಲಿ ಮಣ್ಣಿನ ‘ಡೆಪ್ತ್’ ಎಂದರೆ ಬೇರು ಇಳಿಯಬಲ್ಲ ಮಣ್ಣಿನ ದಪ್ಪ. 25 ಸೆಂ.ಮೀ.ಗಿಂತ ಕಡಿಮೆಯಾದದ್ದನ್ನು ‘ವೆರಿ ಶ್ಯಾಲೋ’ ಎಂದೂ, 100ರಿಂದ 150 ಸೆಂ.ಮೀ. ಇದ್ದುದನ್ನು ‘ಡೀಪ್’ ಎಂದೂ, ಅದನ್ನೂ ಮೀರಿದ್ದನ್ನು ‘ವೆರಿ ಡೀಪ್’ ಎಂದೂ ವಿಂಗಡಿಸುತ್ತಾರೆ. ನಮ್ಮ ಡೋಣಿ ತೀರದ ಎರೆಭೂಮಿ ಈ ಕೊನೆಯ ವರ್ಗಗಳ ಕಡೆಗೆ ಬರುತ್ತದೆ, ಮಡ್ಡಿ ಹೊಲಗಳು ಮೊದಲಿನ ವರ್ಗಗಳ ಕಡೆಗೆ. ‘ಡೀಪ್ ಬ್ಲ್ಯಾಕ್ ಸಾಯಿಲ್’ ಎಂಬುದನ್ನು ‘ಕಡುಕಪ್ಪು ಮಣ್ಣು’ ಎಂದು ಅನುವಾದಿಸಿದವರನ್ನು ನೋಡಬಹುದು. ಅಲ್ಲಿ ‘ಡೀಪ್’ ಹೇಳುವುದು ಬಣ್ಣವನ್ನಲ್ಲ, ಮಣ್ಣಿನ ದಪ್ಪವನ್ನು. ‘ಆಳವಾದ ಎರೆಮಣ್ಣು’ ಎಂಬುದೇ ಸರಿಯಾದ ಅನುವಾದ.

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವ ಸೂಚನೆಯಲ್ಲಿ ‘0–15 ಸೆಂ.ಮೀ. ಡೆಪ್ತ್’ ಎಂದಿದ್ದರೆ ಮೇಲ್ಮೈಯಿಂದ 15 ಸೆಂ.ಮೀ.ವರೆಗಿನ ಇಡೀ ಪದರದ ಮಣ್ಣು ಬೇಕೆಂದು ಅರ್ಥ. 15 ಸೆಂ.ಮೀ. ಕೆಳಗಿನ ಒಂದು ಹಿಡಿ ಮಣ್ಣನ್ನಷ್ಟೇ ತಂದುಕೊಟ್ಟರೆ ಫಲಿತಾಂಶ ತಪ್ಪಾಗುತ್ತದೆ. ‘ವಿ’ ಆಕಾರದ ಗುಂಡಿ ತೆಗೆದು ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಕೆರೆದುಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ. ದ್ರಾಕ್ಷಿ, ದಾಳಿಂಬೆಯಂಥ ಬೆಳೆಗಳಿಗೆ ಇದಕ್ಕಿಂತ ಕೆಳಗಿನ ಪದರಗಳ ಮಾದರಿಯನ್ನೂ ಪ್ರತ್ಯೇಕವಾಗಿ ಕೇಳುತ್ತಾರೆ.

ಮಳೆಯನ್ನೂ ಇಂಗ್ಲಿಷಿನಲ್ಲಿ ‘ಡೆಪ್ತ್’ ಆಗಿಯೇ ಅಳೆಯುತ್ತಾರೆ. 25 ಮಿ.ಮೀ. ಮಳೆ ಎಂದರೆ ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನೆಲದ ಮೇಲೆ ಹಾಗೆಯೇ ನಿಂತಿದ್ದರೆ 25 ಮಿ.ಮೀ. ಎತ್ತರ ನಿಲ್ಲುತ್ತಿತ್ತು ಎಂದರ್ಥ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಒಂದು ಲೀಟರ್ ನೀರಿಗೆ ಸಮ. ಎಕರೆಗೆ ಸುಮಾರು 4,047 ಚದರ ಮೀಟರ್ ಇರುವುದರಿಂದ ಆ 25 ಮಿ.ಮೀ. ಮಳೆಯಲ್ಲಿ ಒಂದೆಕರೆಗೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ನೀರು ಬಿದ್ದಿರುತ್ತದೆ. ಕೃಷಿಹೊಂಡ ತೋಡಿಸುವವರಿಗೆ ಈ ಲೆಕ್ಕ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ವಾಕ್ಯ ಕಟ್ಟುವುದು

ಕನ್ನಡದಲ್ಲಿ ‘ಬಾವಿಯ ಆಳ 40 ಅಡಿ’ ಎಂದರೂ ‘ಬಾವಿ 40 ಅಡಿ ಆಳವಿದೆ’ ಎಂದರೂ ‘ಆಳ’ ಎಂಬ ಒಂದೇ ಪದ ಸಾಕಾಗುತ್ತದೆ. ಇಂಗ್ಲಿಷಿನಲ್ಲಿ ಮೊದಲ ವಾಕ್ಯಕ್ಕೆ ನಾಮಪದವಾದ ‘ಡೆಪ್ತ್’, ಎರಡನೆಯದಕ್ಕೆ ಗುಣವಾಚಕವಾದ ‘ಡೀಪ್’ ಬೇಕು. ನಮ್ಮ ವಿದ್ಯಾರ್ಥಿಗಳು ‘ದಿ ವೆಲ್ ಈಸ್ 40 ಫೀಟ್ ಡೆಪ್ತ್’ ಎಂದು ಬರೆಯುವುದಕ್ಕೆ ಮೂಲ ಕಾರಣ ಇದೇ. ಸರಿಯಾದ ರೂಪ ‘ದಿ ವೆಲ್ ಈಸ್ 40 ಫೀಟ್ ಡೀಪ್’ ಅಥವಾ ‘ದಿ ಡೆಪ್ತ್ ಆಫ್ ದಿ ವೆಲ್ ಈಸ್ 40 ಫೀಟ್’. ಅಳತೆಯನ್ನು ಬಾವಿಯ ಹಿಂದೆ ವಿಶೇಷಣವಾಗಿ ಇಟ್ಟಾಗ ‘ಫೀಟ್’ ಹೋಗಿ ‘ಫೂಟ್’ ಬರುತ್ತದೆ, ನಡುವೆ ಅಡ್ಡಗೆರೆಗಳು ಬೀಳುತ್ತವೆ: ‘ಎ 40-ಫೂಟ್-ಡೀಪ್ ವೆಲ್’.

‘ಡೆಪ್ತ್’ ಪದದ ಹಿಂದೆ ಬರುವ ‘ಅಟ್’, ‘ಟು’, ‘ಇನ್’ ಎಂಬ ಚಿಕ್ಕ ಪದಗಳು ಅರ್ಥವನ್ನೇ ಬದಲಿಸುತ್ತವೆ. ‘ಅಟ್ ಎ ಡೆಪ್ತ್ ಆಫ್’ ಎಂದರೆ ಒಂದು ವಸ್ತು ಇರುವ ಜಾಗ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತವಾಗಿ ಮೇಲೆತ್ತಿದ ಸಂದರ್ಭದಲ್ಲಿ ವಾರ್ತೆಗಳು ಹೇಳಿದ ಸುಮಾರು 16 ಅಡಿ ಎಂಬುದು ಮಗು ಸಿಕ್ಕಿಕೊಂಡಿದ್ದ ಜಾಗದ ಆಳ. ಕೊಳವೆಬಾವಿ ಅದಕ್ಕಿಂತ ಬಹಳ ಕೆಳಗಿನವರೆಗೆ ಇತ್ತು. ಇಂಥ ಸುದ್ದಿಯನ್ನು ಅನುವಾದಿಸುವವರು ‘16 ಅಡಿಯ ಕೊಳವೆಬಾವಿ’ ಎಂದು ಬರೆದರೆ ರಕ್ಷಣಾ ಕಾರ್ಯದ ಕಷ್ಟವೇ ಓದುಗರಿಗೆ ತಿಳಿಯುವುದಿಲ್ಲ. ‘ಟು ಎ ಡೆಪ್ತ್ ಆಫ್’ ಎಂಬುದು ಅಲ್ಲಿಯವರೆಗೆ ಅಗೆದ, ಕೊರೆದ ಅಥವಾ ಇಳಿಸಿದ ಕ್ರಿಯೆಯೊಂದಿಗೆ ಬರುತ್ತದೆ. ‘ಇನ್ ಡೆಪ್ತ್’ ಎಂಬುದಕ್ಕೆ ‘ಕೂಲಂಕಷವಾಗಿ’ ಎಂಬ ಅರ್ಥವೂ ಇದೆ, ಅದು ನಾಮಪದದ ಹಿಂದೆ ಬಂದಾಗ ಅಡ್ಡಗೆರೆ ಪಡೆಯುತ್ತದೆ. ಫ.ಗು. ಹಳಕಟ್ಟಿಯವರು ವಚನಗಳನ್ನು ‘ಇನ್ ಡೆಪ್ತ್’ ಅಧ್ಯಯನ ಮಾಡಿದರು; ಅವರದು ‘ಇನ್-ಡೆಪ್ತ್ ಸ್ಟಡಿ’.

ಉಚ್ಚಾರಣೆಯಲ್ಲಿ ಕೊನೆಯ ಧ್ವನಿಗೆ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಉಸಿರು ಬಿಡಬೇಕು, ‘ಡೆಪ್ಟ್’ ಎನ್ನಬಾರದು. ‘ಡೀಪ್’ನಲ್ಲಿ ಎರಡಿರುವ ‘ಇ’ ಅಕ್ಷರ ‘ಡೆಪ್ತ್’ನಲ್ಲಿ ಒಂದೇ. ಇದೇ ಕ್ರಮದಲ್ಲಿ ‘ವೈಡ್’ನಿಂದ ‘ವಿಡ್ತ್’, ‘ಸ್ಟ್ರಾಂಗ್’ನಿಂದ ‘ಸ್ಟ್ರೆಂಗ್ತ್’ ಹುಟ್ಟುತ್ತವೆ, ‘ಹೈಟ್’ ಮಾತ್ರ ಈ ಸಾಲಿಗೆ ಸೇರದೆ ಟ-ಕಾರದಲ್ಲಿಯೇ ನಿಲ್ಲುತ್ತದೆ.

ಐದನೆಯ ಹೆಜ್ಜೆ: ಅಳತೆಯಿಲ್ಲದ ಆಳ

ಅಡಿ, ಮೀಟರುಗಳ ಅಂಕಿ ಇಲ್ಲದೆ ‘ಡೆಪ್ತ್’ ಅಥವಾ ‘ಡೀಪ್’ ಬಂದಾಗ ‘ಆಳ’ವನ್ನು ಬದಿಗಿಟ್ಟು, ಆ ಜಾಗದಲ್ಲಿ ಕನ್ನಡಿಗರು ಸಹಜವಾಗಿ ಏನು ಹೇಳುತ್ತಾರೆಂದು ನೋಡಬೇಕು. ಇಳಕಲ್ ಸೀರೆಯ ಸೆರಗಿನ ‘ಡೀಪ್ ರೆಡ್’ ನಮಗೆ ಕಡುಗೆಂಪು. ‘ಡೀಪ್ ಸ್ಲೀಪ್’ ಗಾಢ ನಿದ್ದೆ, ‘ಡೀಪ್ ಫಾರೆಸ್ಟ್’ ದಟ್ಟಡವಿ, ‘ಡೀಪ್ ಬ್ರೆತ್’ ದೀರ್ಘವಾದ ಉಸಿರು, ‘ಡೀಪ್ ಫ್ರೈ’ ಎಣ್ಣೆಯಲ್ಲಿ ಕರಿಯುವುದು. ‘ಆಳವಾದ ಸಂತಾಪ’ ಎಂಬ ಬರಹ ಈಚೆಗೆ ಹೆಚ್ಚಾಗಿದೆ, ‘ತೀವ್ರ ಸಂತಾಪ’ ಎಂಬ ಹಳೆಯ ರೂಢಿಯನ್ನು ಬಿಟ್ಟುಕೊಡಲು ಕಾರಣವಿಲ್ಲ. ವಿಚಾರದ ‘ಡೆಪ್ತ್’ಗೆ ಗಹನತೆ, ಒಳನೋಟ ಎಂಬ ಪದಗಳು ಸಲ್ಲುತ್ತವೆ. ಕ್ರಿಕೆಟ್ಟಿನ ‘ಬ್ಯಾಟಿಂಗ್ ಡೆಪ್ತ್’ ಎಂದರೆ ಕೆಳಗಿನ ಕ್ರಮಾಂಕದವರೆಗೂ ರನ್ ಗಳಿಸಬಲ್ಲವರು ಇದ್ದಾರೆ ಎಂಬುದು. ಛಾಯಾಗ್ರಹಣದ ‘ಡೆಪ್ತ್ ಆಫ್ ಫೀಲ್ಡ್’ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ದೂರದ ವ್ಯಾಪ್ತಿ.

ಬಹುವಚನದ ‘ಡೆಪ್ತ್ಸ್’ಗೆ ಪ್ರತ್ಯೇಕ ಎಚ್ಚರ ಬೇಕು. ‘ದಿ ಡೆಪ್ತ್ಸ್ ಆಫ್ ವಿಂಟರ್’ ಎಂದರೆ ಕೊರೆಯುವ ಚಳಿಯ ನಡುಗಾಲ, ‘ದಿ ಡೆಪ್ತ್ಸ್ ಆಫ್ ಡಿಸ್ಪೇರ್’ ಎಂದರೆ ಕಡು ಹತಾಶೆ. ಒಬ್ಬರಲ್ಲಿ ‘ಹಿಡನ್ ಡೆಪ್ತ್ಸ್’ ಇವೆ ಎಂದರೆ ಹೊರಗೆ ಕಾಣದ ಗುಣ, ವಿದ್ಯೆಗಳಿವೆ ಎಂಬ ಹೊಗಳಿಕೆ. ‘ಸಂಕ್ ಟು ಸಚ್ ಡೆಪ್ತ್ಸ್’ ಎಂದರೆ ಅಷ್ಟು ಕೀಳುಮಟ್ಟಕ್ಕೆ ಇಳಿದರು ಎಂಬ ತೆಗಳಿಕೆ. ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ಇಡೀ ವಾಕ್ಯದ ಭಾವ ತಿರುಗಿಬೀಳುತ್ತದೆ.

‘ಔಟ್ ಆಫ್ ಒನ್ಸ್ ಡೆಪ್ತ್’ ಎಂಬ ನುಡಿಗಟ್ಟಿಗೆ ಕನ್ನಡದಲ್ಲಿ ಸೊಗಸಾದ ಜೋಡಿಯಿದೆ. ಹೊಳೆಗೆ ಇಳಿದವರು ಮೊಣಕಾಲುಮಟ, ಟೊಂಕಮಟ, ಎದೆಮಟ ದಾಟಿ ಕಾಲಿಗೆ ತಳ ಸಿಗದ ಜಾಗಕ್ಕೆ ಬಂದಾಗ ‘ನೆಲೆ ಹತ್ತಲಿಲ್ಲ’ ಎನ್ನುತ್ತೇವೆ. ಇಂಗ್ಲಿಷಿನ ನುಡಿಗಟ್ಟೂ ಅದೇ ನೀರಿನ ಅನುಭವದಿಂದ ಬಂದು, ತಿಳಿವಳಿಕೆಗೆ ಮೀರಿದ ಕೆಲಸದಲ್ಲಿ ಸಿಕ್ಕಿಕೊಂಡವರಿಗೆ ಅನ್ವಯವಾಗುತ್ತದೆ. ನೀರಿನ ಮಟ್ಟ ಹೇಳುವ ನಮ್ಮ ಪದಗಳಿಗೂ ಅಲ್ಲಿ ‘ನೀ-ಡೀಪ್’, ‘ವೇಸ್ಟ್-ಡೀಪ್’ ಎಂಬ ಸಮಾನ ರೂಪಗಳಿವೆ, ಪ್ರವಾಹದ ವರದಿ ಬರೆಯುವವರು ಇವನ್ನು ಕಲಿತಿಟ್ಟುಕೊಳ್ಳಬೇಕು.

ಕೊನೆಯದಾಗಿ ‘ಫ್ಯಾದಮ್’. ನಾವಿಕರು ಸಮುದ್ರದ ಆಳ ಅಳೆಯಲು ಬಳಸುತ್ತಿದ್ದ ಈ ಮಾನ 6 ಅಡಿಗೆ, ಅಂದರೆ 1.8288 ಮೀಟರಿಗೆ ಸಮ. ಕ್ರಿಯಾಪದವಾಗಿ ಬಂದಾಗ ಇದು ‘ಅರಿತುಕೊಳ್ಳು’ ಎಂಬ ಅರ್ಥ ಕೊಡುತ್ತದೆ, ಹೆಚ್ಚಾಗಿ ‘ಕೆನಾಟ್’ ಜೊತೆ ಸೇರಿ ‘ಎಷ್ಟು ಯೋಚಿಸಿದರೂ ಅರ್ಥವಾಗದು’ ಎಂಬ ನಿಷೇಧದ ವಾಕ್ಯದಲ್ಲಿ. ‘ಅನ್‌ಫ್ಯಾದಮಬಲ್’ ಎಂಬುದಕ್ಕೆ ತಳ ಸಿಗದ್ದು ಎಂಬ ಮೂಲಾರ್ಥವನ್ನೇ ಉಳ್ಳ ‘ಅಗಾಧ’ ಎಂಬ ಪದ ನಮ್ಮಲ್ಲಿ ಸಿದ್ಧವಾಗಿದೆ. ಆದರೆ ಕಡತದ ಭಾಷೆಯಲ್ಲಿ ‘ಅಗಾಧ’ವನ್ನು ಬರಿಯ ‘ದೊಡ್ಡ’ ಎಂಬ ಅರ್ಥಕ್ಕೆ ಬಳಸುವುದು ರೂಢಿಯಾಗಿರುವುದರಿಂದ, ಕಾರಣ ಹೊಳೆಯದ ವಿಷಯವನ್ನು ಹೇಳುವ ಕಡೆ ‘ಅರಿವಿಗೆ ನಿಲುಕದ’ ಎಂದು ಬಿಡಿಸಿ ಬರೆಯುವುದು ಹೆಚ್ಚು ಸುರಕ್ಷಿತ.